ಕೆಂಪಾಗದ ಹೆಸರು

"ಏನ್ರೀ ರದ್ವಾ ಮೇಡಂ, ಏನು ಕೋಪ ನಿಮಗೆ ನನ್ನ ಮೇಲೆ?"

ಶೆಹಾಬ್ ಅವಳ ಮೇಜಿಗೆ ಎರಡೂ ಕೈ ಊರಿ ನಿಂತಿದ್ದ. ಸೇತುವೆ ವಿನ್ಯಾಸ ಮಾಡುವ ಆ ಆಫೀಸಿಗೆ ಸೇರಿ ವಾರ ಕಳೆದಿರಲಿಲ್ಲ, ಆಗಲೇ ಜಗಳಕ್ಕೆ ಬಂದಿದ್ದ. ಕಂಪ್ಯೂಟರಿನಲ್ಲಿ ಉಳಿದ ಇಂಜಿನಿಯರುಗಳ ಹೆಸರಿನ ಮುಂದೆಲ್ಲ ಹಸಿರು ಪಟ್ಟಿ. ಇವನದೊಂದು ಮಾತ್ರ ಕೆಂಪು. ಕೆಂಪು ಅಂದರೆ ಒಬ್ಬ ಮನುಷ್ಯ ಮಾಡಲಾರದಷ್ಟು ಕೆಲಸ.

"ಕೋಪ ಯಾಕೆ? ಹಂಚುವಾಗ ಲೆಕ್ಕ ತಪ್ತು. ಈಗಲೇ ಸರಿ ಮಾಡ್ತೀನಿ."

"ಬೇಗ ಮಾಡಿ. ನನಗಿನ್ನೂ ಮದುವೆ ಆಗಿಲ್ಲ. ಹೀಗೇ ಬಿಟ್ರೆ ಆ ಸೇತುವೆ ಕೆಳಗೇ ನನ್ನ ಹೂಳಬೇಕಾಗುತ್ತೆ!"

ರದ್ವಾಗೆ ನಗು ತಡೆಯಲಾಗಲಿಲ್ಲ. ಅಲ್ಲಿಗೆ ಮುಗಿಯಿತು ನೋಡಿ ಅವಳ ಕಥೆ. ಅಲೆಕ್ಸಾಂಡ್ರಿಯಾದಂಥ ಊರಲ್ಲಿ ಗಂಡಸರಿಗೇನು ಬರವೇ? ಹೋಗಿ ಹೋಗಿ ಈ ಮಹಾರಾಯನ ಎಡಗೆನ್ನೆಯ ಗುಳಿಗೇ ಬೀಳಬೇಕೇ!

ಅವಳ ಕೆಲಸವೇ ಹೊರೆ ಹಂಚುವುದು. ಯಾರ ತಲೆ ಮೇಲೆ ಹೆಚ್ಚಾಗಿದೆ ಅಂತ ನೋಡಿ, ಇಳಿಸಿ, ಕಡಿಮೆ ಇದ್ದವರಿಗೆ ಹೊರಿಸಬೇಕು. ಆಗದಿದ್ದರೆ ತಾರೀಖು ಮುಂದಕ್ಕೆ ತಳ್ಳಬೇಕು. ಆವತ್ತಿನಿಂದ ಶೆಹಾಬನ ಹೆಸರು ಕೆಂಪಾಗಲೇ ಇಲ್ಲ. ಅವನ ಕಣ್ಣು ಸ್ವಲ್ಪ ಬಾಡಿದಂತೆ ಕಂಡರೆ ಸಾಕು, ಅವನ ಕೆಲಸವೊಂದನ್ನು ಎಳೆದು ತನ್ನ ಹೆಸರಿಗೆ ಹಾಕಿಕೊಳ್ಳುವಳು. ಅವಳೂ ಇಂಜಿನಿಯರೇ. ಮನೆಗೆ ಒಯ್ದು, ಬೆನ್ನು ಹಿಡಿದುಕೊಳ್ಳುವ ತನಕ ಕೂತು ಮಾಡುವಳು. ತನ್ನ ಪಟ್ಟಿ ಕೆಂಪಾದಾಗ ತನ್ನ ಹೆಸರನ್ನೇ ಪರದೆಯಿಂದ ಮರೆಮಾಡಿದಳು. ಶೆಡ್ಯೂಲ್ ಮಾಡುವವಳ ಹೆಸರು ಯಾರು ಹುಡುಕುತ್ತಾರೆ?

ಆಫೀಸಿನ ಬಾಲ್ಕನಿಯಲ್ಲಿ ನಿಂತರೆ ಸಮುದ್ರದ ಒಂದು ಚೂರು ಕಾಣುತ್ತಿತ್ತು. ಇಬ್ಬರೂ ಪುದೀನಾ ಟೀ ಹಿಡಿದು ಅಲ್ಲೇ ನಿಲ್ಲುವರು. 'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ಗೊತ್ತಿಲ್ಲ.

"ಅಲ್ಲ ಕಣೇ, ಕಂಬದ ಲೆಕ್ಕ ನನ್ನದಲ್ವಾ? ಎಲ್ಲಿ ಹೋಯ್ತು?"

"ಮುಂದಕ್ಕೆ ಹೋಗಿದೆ. ಟೀ ಕುಡಿ."

"ಮತ್ತೇನಾದ್ರೂ ಕೊಡು. ಕೈ ಕಟ್ಟಿ ಕೂತು ಕೂತು ಸೋಮಾರಿ ಆಗ್ತಿದ್ದೀನಿ."

"ಆಗು. ಸೋಮಾರಿ ಗಂಡಸು ಕಣ್ಣೆದುರಿಗೇ ಇರ್ತಾನೆ," ಅಂದಳು ಅವಳು, ಲೋಟದ ಅಂಚಿನಿಂದ ಓರೆಗಣ್ಣಲ್ಲಿ ನೋಡುತ್ತಾ.

ಅವನು ಆ ನೋಟವನ್ನು ಬಿಡದೆ ಹಿಡಿದ. "ಬರೋ ಶುಕ್ರವಾರ ಅಮ್ಮನ ಜೊತೆ ನಿಮ್ಮನೆಗೆ ಬರ್ತೀನಿ. ನಿಮ್ಮಪ್ಪನಿಗೆ ಯಾವ ಕೇಕ್ ತರಲಿ?"

ರದ್ವಾಳ ಕಿವಿ ಬಿಸಿಯಾಯಿತು. "ಅಪ್ಪ ಕೇಕ್ ನೋಡಲ್ಲ ಕಣೋ. ಹುಡುಗನ ಕೆಲಸ ಗಟ್ಟಿಯಾ ಅಂತ ಕೇಳ್ತಾರೆ."

"ಗಟ್ಟಿ ಅಂತ ನೀನೇ ಸಾಕ್ಷಿ ಹೇಳು."

ಗುರುವಾರ ಮಧ್ಯಾಹ್ನ ಡೈರೆಕ್ಟರ್ ರಾಫತ್ ಇಬ್ಬರನ್ನೂ ಒಳಗೆ ಕರೆದರು. ಒಂದು ಸೇತುವೆಯ ಗುತ್ತಿಗೆ ಕೈತಪ್ಪಿತ್ತು. ಒಬ್ಬರನ್ನು ಮನೆಗೆ ಕಳಿಸಲೇಬೇಕಿತ್ತು. ಗೋಡೆಯ ಪರದೆಯ ಮೇಲೆ ರದ್ವಾಳ ಶೆಡ್ಯೂಲ್.

"ನೋಡಪ್ಪಾ ಶೆಹಾಬ್, ಎಲ್ಲರ ಹೆಸರೂ ತುಂಬಿದೆ, ನಿಂದೊಂದು ಬಟಾಬಯಲು. ಬಿಟ್ಟಿ ಸಂಬಳ ತಗೊಂಡು ಚೆನ್ನಾಗಿ ಟೀ ಕುಡಿದೆ!"

"ನಾನು ಕೆಲಸ ಕೇಳ್ತಾನೇ ಇದ್ದೆ ಸರ್. ರದ್ವಾನ್ನ ಕೇಳಿ."

ರಾಫತ್ ತಿರುಗಿದರು. "ಏನಮ್ಮಾ, ಇದು ಸರಿಯಾಗಿದೆಯಾ? ತಪ್ಪಿದ್ರೆ ಈಗಲೇ ಬೊಗಳು. ಸುಳ್ಳು ಶೆಡ್ಯೂಲ್ ಮಾಡೋರಿಗೆ ಇಲ್ಲಿ ಜಾಗ ಇಲ್ಲ."

ಒಂದೇ ಒಂದು ಮಾತು ಸಾಕಿತ್ತು. ಆದರೆ ಅದನ್ನಾಡಿದರೆ ತನ್ನ ಕೆಲಸ ಹೋಗುತ್ತದೆ. ಗಂಡಸೊಬ್ಬನಿಗಾಗಿ ಶೆಡ್ಯೂಲ್ ತಿದ್ದಿದವಳು ಅಂತ ಆಫೀಸೆಲ್ಲ ಬಾಯಿಗೆ ಕೈ ಇಟ್ಟು ನಗುತ್ತದೆ. ಸುದ್ದಿ ಅಪ್ಪನ ಕಿವಿಗೂ ಬೀಳುತ್ತದೆ. ಅವಳ ಜೀವ ಬಾಯಿಗೆ ಬಂತು, ಸತ್ಯ ಬರಲಿಲ್ಲ.

"ಸರಿಯಾಗಿದೆ ಸರ್."

ಶೆಹಾಬ್ ಅವಳತ್ತ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬಾಲ್ಕನಿಯ ತುಂಟತನವೂ ಇರಲಿಲ್ಲ. ಪರಿಚಯವೇ ಇಲ್ಲದವರನ್ನು ನೋಡುವಂತೆ ನೋಡಿ ಹೊರಗೆ ನಡೆದ.

ಸಮುದ್ರದಂಡೆಯ ರಸ್ತೆಯಲ್ಲಿ ಅವಳು ಓಡಿ ಹೋಗಿ ಅವನ ತೋಳು ಹಿಡಿದಳು. ಏದುಸಿರು ಬಿಡುತ್ತಾ ಎಲ್ಲ ಹೇಳಿದಳು. "ನಿನ್ನ ಕೆಲಸ ನಾನೇ ಎಳ್ಕೊಂಡೆ ಕಣೋ. ನಿನಗೆ ಸುಸ್ತಾಗಬಾರ್ದು ಅಂತ. ನಿನ್ನ ಅಷ್ಟು ಪ್ರೀತಿಸ್ತೀನಿ. ನೀನಿಲ್ಲದೆ ನನಗಾಗಲ್ಲ."

ಎಷ್ಟು ದಿನದಿಂದ ಕೂಡಿಟ್ಟ ಮಾತು! ಆಡುವ ಗಳಿಗೆ ಮಾತ್ರ ಇದಾಯಿತು.

"ಅಷ್ಟು ಪ್ರೀತೀನಾ?" ಶೆಹಾಬ್ ನಕ್ಕ. ಕೆನ್ನೆಯಲ್ಲಿ ಗುಳಿ ಬಿತ್ತು. "ಶೆಡ್ಯೂಲ್ ಹಾಳಾಗಿ ಹೋಗಲಿ, ಅದನ್ನ ಕ್ಷಮಿಸ್ತಿದ್ದೆ ಕಣೇ. ಕೆಲಸ ಇಲ್ದಿದ್ರೂ ನಾಳೆ ನಿಮ್ಮಪ್ಪನ ಬಾಗಿಲು ತಟ್ತಿದ್ದೆ. ಆದ್ರೆ ನಾನು ಪಕ್ಕದಲ್ಲಿ ನಿಂತಿರೋವಾಗ್ಲೇ ನಿನ್ನ ಕೇಳಿದ್ರು."

"ಈಗಲೇ ಹೋಗಿ ನಿಜ ಹೇಳ್ತೀನಿ!"

"ಹೇಳು, ಹೇಳು. ಈಗ ಬರೀ ಸೋಮಾರಿ ಅಂದ್ರು. ಆಮೇಲೆ ಹುಡುಗಿ ದುಡಿದು ಹಾಕಿದ್ದನ್ನ ತಿಂದು ಬದುಕಿದವನು ಅಂತಾರೆ. ಮುಂದೆ ಎಲ್ಲೂ ತಲೆ ಎತ್ತದ ಹಾಗೆ ಮಾಡಿಬಿಡು."

ಹೇಳದಿದ್ದರೂ ಅವನನ್ನು ಕೊಂದಂತೆ, ಹೇಳಿದರೂ ಕೊಂದಂತೆ. ಆ ಒಂದು ಗಳಿಗೆ ಬಿಟ್ಟು ಇನ್ಯಾವಾಗ ಹೇಳಿದರೂ ಪ್ರಯೋಜನವಿರಲಿಲ್ಲ.

ಮಿನಿಬಸ್ಸೊಂದು ಬಂದು ನಿಂತಿತು. "ಒಬ್ಬರಿಗೆ! ಒಬ್ಬರಿಗೆ ಜಾಗ ಇದೆ!" ಅಂತ ಡ್ರೈವರ್ ಕೂಗಿದ. ಶೆಹಾಬ್ ತೋಳು ಬಿಡಿಸಿಕೊಂಡ.

"ನಿಮ್ಮಪ್ಪನಿಗೆ ನಾಳೆ ಕಾಯಬೇಡಿ ಅನ್ನು," ಎಂದು ಹತ್ತಿದ.

ಶುಕ್ರವಾರ, ಶನಿವಾರದ ವಾರದ ರಜೆ ಕಳೆದು ಭಾನುವಾರ ಆಫೀಸು ತೆರೆಯುತ್ತಲೇ ರಾಫತ್ ಅವಳ ಹಿಂದೆ ಬಂದು ನಿಂತರು. "ಆ ಹೆಸರು ತೆಗೆದುಬಿಡಮ್ಮ."

ರದ್ವಾ ಶೆಹಾಬನ ಹೆಸರನ್ನು ಆರಿಸಿದಳು. ಎಲ್ಲಾದರೂ ಒಂದು ಕಡೆ ಕೆಂಪಾಗಲಿ, ಒಂದಾದರೂ ತಾರೀಖು ಮುಂದಕ್ಕೆ ಹೋಗಲಿ, ಅವನಿದ್ದ ಅನ್ನುವುದಕ್ಕೆ ಅಷ್ಟಾದರೂ ಗುರುತು ಉಳಿಯಲಿ ದೇವರೇ ಅಂದುಕೊಂಡು ಗುಂಡಿ ಒತ್ತಿದಳು. ಹೆಸರು ಅಳಿಸಿಹೋಯಿತು. ಯಾವ ಪಟ್ಟಿಯೂ ಕದಲಲಿಲ್ಲ, ಸೇತುವೆ ಮುಗಿಯುವ ತಾರೀಖು ಇದ್ದಲ್ಲೇ ಇತ್ತು. ಅವನ ಹೆಸರಲ್ಲಿ ಅವಳು ಏನನ್ನೂ ಉಳಿಸಿರಲಿಲ್ಲವಲ್ಲ!

"ಭೇಷ್!" ರಾಫತ್ ಅವಳ ಕುರ್ಚಿ ತಟ್ಟಿದರು. "ನೋಡಿದ್ಯಾ, ಅವನು ಹೋದ್ರೆ ಏನೂ ವ್ಯತ್ಯಾಸ ಆಗಲಿಲ್ಲ. ನಾನು ಮಾಡಿದ್ದು ಸರಿಯಾಗಿದೆ ತಾನೇ?"

ಕಣ್ಣಿನ ನೀರು ಕಾಣದಂತೆ ಅವಳು ಪರದೆಗೆ ಇನ್ನಷ್ಟು ಬಾಗಿದಳು.

"ಸರಿಯಾಗಿದೆ ಸರ್."