ಎರಡನೆಯ ಸ್ಟೂಲು

ನಳಿಗೆಯ ಆ ತುದಿಯಲ್ಲಿ ಒಂದು ಕಣ್ಣು!

ಅವಳ ಎದೆ ಧಸಕ್ಕೆಂದಿತು.

ಜೋಡಿ ನಳಿಗೆಯ ಬಂದೂಕನ್ನು ಬಿಚ್ಚಿ, ಬರೀ ನಳಿಗೆಗಳನ್ನು ಕೈಯಲ್ಲಿ ಹಿಡಿದು, ಒಳಗೆ ಮಸಿ ಉಳಿದಿದೆಯೇ ಎಂದು ಕಿಟಕಿಯ ಬೆಳಕಿಗೆ ನೋಡುತ್ತಿದ್ದಳು. ದುಂಡನೆಯ ಬೆಳಕು ಇದ್ದಕ್ಕಿದ್ದಂತೆ ಕಪ್ಪಾಯಿತು. ಆ ಕಪ್ಪಿನ ನಡುವೆ... ಕುತೂಹಲ ತುಂಬಿದ ಒಂದು ಕಣ್ಣು.

"ರೀ! ಬುದ್ಧಿ ಇದೆಯೇನ್ರೀ? ಬಂದೂಕಿನ ಬಾಯಿಗೆ ಯಾರಾದ್ರೂ ಮುಖ ಕೊಡ್ತಾರಾ?"

ಕಿಟಕಿಯಾಚೆ ನಿಂತವನು ಎರಡೂ ಕೈ ಮೇಲೆತ್ತಿದ. ಒಂದು ಕೈಯಲ್ಲಿ ಅಳತೆ ಟೇಪು. ಕಿವಿಯ ಮೇಲೆ ಪೆನ್ಸಿಲ್.

"ಬಾಗಿಲು ತಟ್ಟಿದೆ, ಯಾರೂ ತೆಗೀಲಿಲ್ಲ. ಬಡಗಿ ನಾನು. ಮೇಜು ಮಾಡಿಸ್ಬೇಕು ಅಂತ ಫೋನ್ ಮಾಡಿದ್ರಲ್ಲ... ಬರೀ ಕೊಳವೆ ಅನ್ಕೊಂಡು ಇಣುಕಿದೆ."

"ಬರೀ ಕೊಳವೇನೇ. ಆದ್ರೂ ಇಣುಕಬಾರದು. ನಮ್ಮಪ್ಪ ಹೇಳ್ತಿದ್ರು, ಖಾಲಿ ಬಂದೂಕು ಅನ್ನೋದೇ ಇಲ್ಲ. ಒಳಗೆ ನೋಡಿದ ಬಂದೂಕು, ನೋಡದ ಬಂದೂಕು, ಎರಡೇ ಜಾತಿ."

"ಹಾಗಾದ್ರೆ ಈಗ ನಾನು ನೋಡಿದ್ದು ಯಾವ ಲೆಕ್ಕಕ್ಕೆ?"

ನಗು ಬಂತು. ಹಲ್ಲು ಕಚ್ಚಿ ತಡೆದಳು. ಬಾಗಿಲು ತೆರೆಯುವಾಗ ನಾಲಿಗೆ ತನ್ನಷ್ಟಕ್ಕೆ ತಾನೇ ಹೇಳಿತು: "ಬನ್ನಿ. ಮನೆಯವರು ಒಳಗಿದ್ದಾರೆ, ಮಲಗಿದ್ದಾರೆ."

ಆ ಮನೆಯಲ್ಲಿ ಅವಳನ್ನು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಸೋದರತ್ತೆ ಫೋನಿನಲ್ಲಿ ಕಲಿಸಿದ ಮಾತದು. 'ಹಾಲಿನವನು ಬರ್ಲಿ, ಮೀಟರ್ ನೋಡೋನು ಬರ್ಲಿ, ಮನೆಯವರು ಒಳಗಿದ್ದಾರೆ ಅನ್ನು. ನಿಮ್ಮಪ್ಪನ ಬೂಟು ಬಾಗಿಲಲ್ಲೇ ಇರ್ಲಿ. ಒಂಟಿ ಹೆಣ್ಣು ಅಂತ ಊರಿಗೆ ಡಂಗುರ ಹೊಡೀಬೇಡ.' ಹೇಳಿ ಹೇಳಿ ಆ ಸುಳ್ಳು ಕೆಮ್ಮಿನ ಹಾಗೆ ಅಭ್ಯಾಸವಾಗಿತ್ತು. ಹೇಳಿದ್ದು ಅವಳಿಗೇ ನೆನಪಿರುತ್ತಿರಲಿಲ್ಲ.

ಬಡಗಿ ಬಾಗಿಲ ಬಳಿಯ ಬೂಟುಗಳನ್ನು ನೋಡಿದ. ದನಿ ತಗ್ಗಿಸಿದ. ತನ್ನ ಚಪ್ಪಲಿಯನ್ನು ಅವುಗಳಿಂದ ಒಂದಿಷ್ಟು ದೂರ ಬಿಟ್ಟ.

* * *

ಅಪ್ಪ ಬಂದೂಕು ರಿಪೇರಿಯವರು. ಓಣಿಯ ಹುಡುಗರು ಮಗಳನ್ನು 'ತುಪಾಕಿ' ಎಂದೇ ಕರೆಯುತ್ತಿದ್ದರು. ಅಂಗಡಿ ಇದ್ದ ಹಳೆಯ ಕಟ್ಟಡವನ್ನು ಕೆಡವುವುದೆಂದಾದಾಗ ಅವಳು ಪರವಾನಗಿಯನ್ನು ಮನೆಯ ವಿಳಾಸಕ್ಕೆ ಬದಲಾಯಿಸಿಕೊಂಡಳು. ಹಿಂದಿನ ಕೋಣೆ ಖಾಲಿ ಮಾಡಿದಳು. ಬೇಕಿದ್ದದ್ದು ಕೆಲಸದ ಮೇಜು. ಬಂದೂಕನ್ನು ಬಿಚ್ಚಲು, ಒರೆಸಲು, ಎಣ್ಣೆ ಕೊಡಲು.

"ಎಷ್ಟು ಜನಕ್ಕೆ?" ಬಡಗಿ ಕೇಳಿದ.

"ಒಬ್ಬರಿಗೆ."

ಅವನು ತಲೆಯೆತ್ತಿ ನೋಡಿದ. ಕಿವಿಯಿಂದ ಪೆನ್ಸಿಲ್ ತೆಗೆದ.

"ಕಿಟಕಿ ಹತ್ತಿರ ಇರ್ಲಿ, ಎಣ್ಣೆ ವಾಸನೆ ಹೊರಗೆ ಹೋಗ್ಬೇಕು. ಬೆಳಕು ಎಡಗಡೆಯಿಂದ ಬರ್ಬೇಕು. ಅಂಚಿಗೆ ಸುತ್ತಲೂ ಸಣ್ಣ ಕಟ್ಟೆ ಕಟ್ಟಿ, ಸ್ಪ್ರಿಂಗು ಉರುಳಿ ಬಿದ್ರೆ ದಿನವಿಡೀ ನೆಲ ನೆಕ್ಕಬೇಕಾಗುತ್ತೆ. ತೋಟಾ ಈ ಕೋಣೆಗೆ ಬರೋದೇ ಇಲ್ಲ, ಅದಕ್ಕೆ ಡ್ರಾಯರ್ ಬೇಡ."

"ಎದುರುಗಡೆ ಕುರ್ಚಿ?"

"ಎದುರು ಯಾರೂ ಕೂರಬಾರದು. ಕೂತ್ರೆ ಒಂದೇ ಮಗ್ಗುಲಲ್ಲಿ." ಎಡಗಡೆಗೆ ಕೈ ತೋರಿಸಿದಳು. ಅಪ್ಪ ಕೂರುತ್ತಿದ್ದದ್ದು ಹಾಗೆಯೇ, ಎಡ ಮಗ್ಗುಲಲ್ಲಿ. "ಅಂಗಡೀಲಿ ಒಂದು ಪದ್ಧತಿ ಇತ್ತು. ಬಂದೂಕು ಕೊಡೋರು ಅದರ ತೋಟಾ ಹಾಕೋ ಬಾಯಿ ತೆರೆದು 'ನೋಡಿದ್ರಾ?' ಅಂತ ಕೇಳ್ಬೇಕು. ತಗೊಳ್ಳೋರು ಒಳಗೆ ನೋಡಿ 'ನೋಡಿದೆ, ಖಾಲಿ' ಅನ್ಬೇಕು. ಎರಡು ಜೊತೆ ಕಣ್ಣು. ಅದಾಗದೆ ಸ್ಕ್ರೂಡ್ರೈವರ್ ಮುಟ್ಟೋ ಹಾಗಿಲ್ಲ."

"ಒಳ್ಳೆ ಪದ್ಧತಿ," ಎಂದ ಅವನು ಮೆಲ್ಲಗೆ. "ನಮ್ಮಲ್ಲಿ ಒಬ್ಬನೇ ಅಳೀತೀನಿ, ಒಬ್ಬನೇ ತಪ್ಪು ಕತ್ತರಿಸ್ತೀನಿ."

ಮೇಜಿನ ಎತ್ತರಕ್ಕೆ ಅವಳ ಮೊಣಕೈ ಅಳತೆ ಬೇಕಿತ್ತು. ಅವಳು ಗೋಡೆಗೆ ಬೆನ್ನು ಕೊಟ್ಟು ಕೈ ಮಡಚಿ ನಿಂತಳು. ಅವನು ನೆಲದಲ್ಲಿ ಮಂಡಿಯೂರಿ ಟೇಪು ಎಳೆದ. ಮುಟ್ಟಲಿಲ್ಲ. ಬೆರಳಿಗೂ ಮೊಣಕೈಗೂ ನಡುವೆ ಕಾಗದ ತೂರುವಷ್ಟು ಜಾಗ ಬಿಟ್ಟು ಪೆನ್ಸಿಲಿನಿಂದ ಗೋಡೆಯ ಮೇಲೆ ಗೆರೆ ಎಳೆದ.

ಆ ಕಾಗದದಷ್ಟು ಜಾಗದಲ್ಲಿ ಅವಳ ಉಸಿರು ಸಿಕ್ಕಿಕೊಂಡಿತು.

*ಛೆ! ಇದೇನು ಹುಚ್ಚು!*

* * *

ಅವನು ಅವಳ ಮನೆಯ ಹಿತ್ತಲಿನಲ್ಲೇ ಹಲಗೆಗೆ ತೋಪಡ ಹೊಡೆಯುತ್ತಿದ್ದ. ಅವಳು ಒಳಗೆ ಅಡುಗೆಮನೆಯ ಮೇಜಿನ ಮೇಲೆ ಚಾಪೆ ಹಾಸಿ ತನ್ನ ಕೆಲಸ ಮಾಡಿಕೊಳ್ಳುತ್ತಿದ್ದಳು. ಸರ್... ಸರ್... ಎಂದು ಮರದ ಸುರುಳಿ ಏಳುವ ಸದ್ದು. ಎಷ್ಟು ಕಾಲವಾಗಿತ್ತು, ಈ ಮನೆಯಲ್ಲಿ ಅವಳು ಮಾಡದ ಸದ್ದೊಂದು ಕೇಳಿ!

ಹನ್ನೊಂದಕ್ಕೆ ಕಾಫಿ. ಮೊದಲ ದಿನ ಲೋಟ ಹೊರಗಿಟ್ಟು ಬಂದಳು. ಆಮೇಲಾಮೇಲೆ ಹಿತ್ತಲಿನ ಮೆಟ್ಟಿಲ ಮೇಲೆ ತಾನೂ ಕೂತಳು.

"ನೀವು ಹಾರಿಸ್ತೀರಾ ಗುಂಡು?"

"ಕ್ಲಬ್ಬಿನ ಮೈದಾನದಲ್ಲಿ, ರಿಪೇರಿ ಆದಮೇಲೆ ಸರಿ ಇದೆಯಾ ನೋಡೋಕೆ. ಖುಷಿಗೆ ಅಲ್ಲ."

"ಭಯ ಆಗಲ್ವಾ?"

"ಸದ್ದಿಗಲ್ಲ. ಸದ್ದಾದ ಮೇಲೆ ಎಲ್ಲಾ ಗಪ್ ಅಂತ ಆಗುತ್ತಲ್ಲ... ಹಕ್ಕಿ ಕೂಡ ಸುಮ್ಮನಾಗ್ತವೆ. ಆಗ."

ಅವನು ತಲೆಯಾಡಿಸಿದ. 'ಅಯ್ಯೋ ಪಾಪ' ಎನ್ನಲಿಲ್ಲ.  ಅದು ಅವಳಿಗೆ ಹಿಡಿಸಿತು.

ಇನ್ನೊಂದು ದಿನ ಅವಳೇ ಹೇಳಿದಳು, ನಗುತ್ತಲೇ: "ಮದುವೆ ಮಾತಿಗೆ ಅಂತ ಒಂದು ಮನೆಯವರು ಬಂದಿದ್ರು, ಅಪ್ಪ ಇದ್ದಾಗ. ಟೇಬಲ್ ಮೇಲೆ ಬಂದೂಕು ಬಿಚ್ಚಿಟ್ಟಿದ್ದೆ. ಹುಡುಗನ ತಾಯಿ ಬಿಸ್ಕತ್ತು ಕೈಯಲ್ಲಿ ಹಿಡ್ಕೊಂಡೇ ಎದ್ದುಹೋದ್ರು."

"ಬಿಸ್ಕತ್ತು ವಾಪಸ್ ಕೊಡ್ಲಿಲ್ವಾ?"

"ಇಲ್ಲ!"

"ಹಾಗಾದ್ರೆ ಒಳ್ಳೇದೇ ಆಯ್ತು ಬಿಡಿ. ಅಂಥ ಮನೆಗೆ ಹೋಗ್ಬಾರದು."

ಅವಳು ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕ. ಆಮೇಲೆ ಯಾಕೋ ಒಳಬಾಗಿಲ ಕಡೆ ನೋಡಿ, ನಗು ನುಂಗಿ, ಹಲಗೆಯ ಕಡೆಗೆ ತಿರುಗಿದ.

ಆ ಮಧ್ಯಾಹ್ನ ಬ್ಯಾಂಕಿನ ಕಾವಲುಗಾರನ ಬಂದೂಕು ಬಂದಿತ್ತು. ಅವಳು ಅದರ ಬಾಯಿ ತೆರೆದು, ಕಿರುಬೆರಳು ಹಾಕಿ ನೋಡಿ, ಎಂದಿನಂತೆ ಕೇಳಿದಳು: "ನೋಡಿದ್ರಾ?"

ಒಂದು ಗಳಿಗೆ ಬಿಟ್ಟು, ಗಂಟಲನ್ನು ಎದೆಗಿಳಿಸಿ, ಅಪ್ಪನ ದಪ್ಪ ದನಿಯಲ್ಲಿ ತಾನೇ ಉತ್ತರಿಸಿದಳು: "ನೋಡಿದೆ. ಖಾಲಿ."

ಅಪ್ಪ ಹೋದಂದಿನಿಂದ ನಡೆದುಬಂದದ್ದೇ ಹೀಗೆ. ಕೊಡುವವಳೂ ಅವಳೇ, ತೆಗೆದುಕೊಳ್ಳುವವಳೂ ಅವಳೇ.

ಹಿತ್ತಲಿನಲ್ಲಿ ತೋಪಡದ ಸದ್ದು ನಿಂತಿತು. ಬಹಳ ಹೊತ್ತು ಮತ್ತೆ ಏಳಲಿಲ್ಲ.

* * *

ಮೇಜನ್ನು ಹಿತ್ತಲಿನಿಂದ ಒಳಗೆ ತಂದು ಕೂರಿಸಿದ ದಿನ ಅವನು ಬೇರೆಯೇ ಮನುಷ್ಯನಂತಿದ್ದ.

ಮೇಜು ಮಾತ್ರ ಅಂದುಕೊಂಡಿದ್ದಕ್ಕಿಂತ ಚೆಂದ! ಅಂಚಿಗೆ ಬೆರಳಗಲದ ಕಟ್ಟೆ. ನಳಿಗೆ ಮಲಗಿಸಲು ಉಣ್ಣೆ ಬಟ್ಟೆ ಅಂಟಿಸಿದ ತೋಡು. ನಳಿಗೆ ಉಜ್ಜುವ ಸರಳುಗಳಿಗೂ ಬ್ರಷ್ಷುಗಳಿಗೂ ಗೋಡೆಯಲ್ಲಿ ಸಾಲು ಗೂಟ. ಬಿಗಿದು ಹಿಡಿಯುವ ವೈಸಿನ ಹಲ್ಲಿಗೆ ಚರ್ಮದ ಹೊದಿಕೆ, ಬಂದೂಕಿನ ಮರದ ಹಿಡಿಗೆ ಗಾಯವಾಗದಂತೆ.

"ಕಾಫಿ ತರ್ತೀನಿ, ಕೂತ್ಕೊಳ್ಳಿ."

"ಬೇಡ ಮೇಡಂ. ಕೆಲಸ ಇದೆ."

ಮೇಡಂ! ಇಷ್ಟು ದಿನ ಬರೀ 'ನೀವು' ಆಗಿದ್ದವಳು ಈಗ ಮೇಡಂ?

"ಏನಾದ್ರೂ ತಪ್ಪಾಯ್ತಾ ನನ್ನಿಂದ?"

"ಇಲ್ಲಪ್ಪ, ನಿಮ್ಮಿಂದ ಏನು ತಪ್ಪು? ತಪ್ಪು ಮಾಡೋದು ಬೇಡ ಅಂತಲೇ..." ಅರ್ಧಕ್ಕೆ ನಿಲ್ಲಿಸಿದ. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ಹೊರಟುಹೋದ. ಬಾಗಿಲ ಬಳಿ ಅಪ್ಪನ ಬೂಟುಗಳನ್ನು ಸುತ್ತು ಹಾಕಿ ದಾಟಿದ್ದನ್ನು ಅವಳು ನೋಡಿದಳು. ಅರ್ಥವಾಗಲಿಲ್ಲ.

*ಇವನೂ ಅಷ್ಟೇ. ಬಿಸ್ಕತ್ತು ಹಿಡಿದುಕೊಂಡು ಎದ್ದುಹೋದವರ ಸಾಲಿಗೆ ಇನ್ನೊಬ್ಬ.*

ತಿರುಗಿ ಬಂದು ನೋಡಿದರೆ, ಮೇಜಿನ ಮುಂದೆ ಎರಡು ಸ್ಟೂಲು! ಒಂದು ಅವಳ ಎತ್ತರಕ್ಕೆ. ಎಡಗಡೆ ಇನ್ನೊಂದು, ಎತ್ತರ ಕಡಿಮೆ, ಕೂರುವ ಹಲಗೆ ಅಗಲ.

ಬೇರೆ ಗಿರಾಕಿಯದ್ದನ್ನು ಮರೆತು ಬಿಟ್ಟುಹೋಗಿದ್ದಾನೆ ಅಂದುಕೊಂಡಳು. ಬಂದು ಒಯ್ಯುತ್ತಾನೆ.

ಬರಲಿಲ್ಲ. ಫೋನ್ ಮಾಡಲು ಕೈ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಅದನ್ನೂ ಒಯ್ದುಬಿಟ್ಟರೆ ಆಮೇಲೆ ಅವನು ಬರಲು ಕಾರಣವೇ ಉಳಿಯುವುದಿಲ್ಲವಲ್ಲ!

ಸ್ಟೂಲು ಅಲ್ಲೇ ಇತ್ತು. ಅದರ ಮೇಲೆ ಅವಳು ಒಂದು ಬಟ್ಟೆ ಚೂರನ್ನೂ ಇಡಲಿಲ್ಲ. ಅಪ್ಪ ಹೋದಾಗ ಮನೆ ಬರಿದಾಗಿತ್ತು, ನಿಜ. ಆದರೆ ಆ ಬರಿದಿನ ಮೂಲೆಮೂಲೆಯೂ ಅವಳಿಗೆ ಅಭ್ಯಾಸವಾಗಿತ್ತು. ಈ ಸ್ಟೂಲಿನ ಬರಿದು ಹೊಸದು. ಪಕ್ಕದಲ್ಲೇ ಕೂತು ನೋಡುತ್ತಿರುತ್ತಿತ್ತು.

ಒಂದು ಸಂಜೆ ಅತ್ತೆಯ ಫೋನು.

"ಮೇಜು ಬಂತೇನೇ?"

"ಬಂತು ಅತ್ತೆ."

"ಚೆನ್ನಾಗಿದ್ಯಾ?"

"ತುಂಬಾ..." ಸೊರ್ ಎಂದು ಮೂಗು ಎಳೆದುಕೊಂಡಳು.

"ಮೇಜಿಗೆ ಯಾರಾದ್ರೂ ಅಳ್ತಾರೇನೇ ತುಪಾಕಿ? ಏನು ಕಥೆ?"

"ಎಣ್ಣೆ ವಾಸನೆ ಅತ್ತೆ. ಕಣ್ಣುರಿ."

ಮರುದಿನ ಬೆಳಿಗ್ಗೆ ಹೊಸ ಮೇಜಿನಲ್ಲಿ ಮೊದಲ ಸಲ ಕ್ಲಬ್ಬಿನ ರೈಫಲ್ ಬಿಚ್ಚಲು ಕೂತಳು. ಅದರ ಬಾಯಿ ತೆರೆದಳು. "ನೋಡಿದ್ರಾ?"

ಉತ್ತರ ಕೊಡಲು ಗಂಟಲು ಇಳಿಸಿದಳು. ದನಿ ಬರಲಿಲ್ಲ.

ಇನ್ನೊಮ್ಮೆ. ಬರಲಿಲ್ಲ. ಎಡಗಡೆಯ ಸ್ಟೂಲು ಸುಮ್ಮನೆ ಕೂತಿತ್ತು.

ಅದು ಆಗದೆ ಸ್ಕ್ರೂಡ್ರೈವರ್ ಮುಟ್ಟುವ ಹಾಗಿಲ್ಲ. ಅಪ್ಪನ ಪದ್ಧತಿ. ರೈಫಲನ್ನು ಕಪಾಟಿಗಿಟ್ಟು ಬೀಗ ಹಾಕಿದಳು. ಸ್ಟೂಲನ್ನು ಸೊಂಟಕ್ಕೆ ಎತ್ತಿಕೊಂಡಳು. ಬೀದಿಗಿಳಿದಳು.

* * *

ಬಡಗಿಯ ಶೆಡ್ಡು ಅವನ ಅಕ್ಕನ ಮನೆಯ ಹಿಂದಿತ್ತು. ಅಕ್ಕ ಬಾಗಿಲಲ್ಲೇ ತಡೆದಳು.

"ಓ! ಈ ಸ್ಟೂಲು ವಾಪಸ್ ಬಂತಾ? ಇದನ್ನ ಮಾಡೋವಾಗ ನನ್ನ ತಮ್ಮ ಊಟ ಬಿಟ್ಟಿದ್ದ. ಕಾಲು ಕತ್ತರಿಸ್ತಾನೆ, ಕೂತು ನೋಡ್ತಾನೆ, ನಿಟ್ಟುಸಿರು ಬಿಡ್ತಾನೆ. ಸ್ಟೂಲಿಗೆ ಯಾರಾದ್ರೂ ಅಷ್ಟು ನಿಟ್ಟುಸಿರು ಹಾಕ್ತಾರಾ ತಾಯಿ?"

ಒಳಗೆ ಉಳಿ ಮಸೆಯುತ್ತಿದ್ದವನು ತಟ್ಟನೆ ಎದ್ದು ನಿಂತ.

ಅವಳು ಸ್ಟೂಲನ್ನು ಅವನ ಮುಂದೆ ಕುಕ್ಕಿದಳು. "ನಾನು ಒಬ್ಬರಿಗೆ ಅಂದಿದ್ದೆ. ಇದ್ಯಾರದು?"

"ನಿಮ್ಮವರದು."

"ನಮ್ಮವರಾ? ಯಾರು?"

"ನೀವೇ ಹೇಳಿದ್ರಲ್ಲ, ಎರಡು ಜೊತೆ ಕಣ್ಣು ಬೇಕು ಅಂತ. ಮತ್ತೆ ಒಬ್ಬರಿಗೇ ಸಾಕು ಅಂದ್ರಿ. ಪಾಪ, ಅವರು ನಿಂತ್ಕೊಂಡೇ ನೋಡ್ತಾರೇನೋ ಅನ್ನಿಸ್ತು..." ಅವನ ದನಿ ಸಣ್ಣದಾಯಿತು. "ಅವರನ್ನ ಅಳೆಯೋಕೆ ಆಗ್ಲಿಲ್ಲ. ಅದಕ್ಕೆ ನನ್ನ ಅಳತೆಗೇ ಮಾಡ್ದೆ."

"ಅವರು ಅಂದ್ರೆ ಯಾರ್ರೀ!"

"ನಿಮ್ಮ ಮನೆಯವರು! ಮೊದಲ ದಿನವೇ ಹೇಳಿದ್ರಿ, ಒಳಗೆ ಮಲಗಿದ್ದಾರೆ ಅಂತ. ಬಾಗಿಲಲ್ಲಿ ಬೂಟು. ಆಮೇಲೆ ಆವತ್ತು ದನಿಯೂ ಕೇಳಿದೆ. 'ನೋಡಿದೆ, ಖಾಲಿ' ಅಂದ್ರು. ಅದನ್ನ ಕೇಳಿದ ಮೇಲೂ ಮೆಟ್ಟಿಲ ಮೇಲೆ ಕೂತು ನಿಮ್ಮನ್ನ ನಗಿಸ್ತಾ ಇರೋದು... ನನ್ನ ಮನಸ್ಸು ನನಗೆ ಗೊತ್ತಲ್ಲ. ಸರಿ ಅಲ್ಲ ಅನ್ನಿಸ್ತು."

ಹೇಳಿದ್ದು ಅವಳಿಗೆ ಈಗ ನೆನಪಾಯಿತು. ಅತ್ತೆ ಕಲಿಸಿದ ಆ ಮಾತು! ಕಳ್ಳರನ್ನು ದೂರ ಇಡಲು ಹಾಕಿದ ಬೇಲಿ ಯಾರನ್ನು ದೂರ ಇಟ್ಟಿತು!

"ಬೂಟು ಅಪ್ಪಂದು. ಅವರು ಹೋಗಿ ವರ್ಷವಾಗ್ತಾ ಬಂತು. ಮನೆಯವರು ಇದ್ದಾರೆ ಅನ್ನೋದು... ಒಂಟಿ ಇರೋರು ಎಲ್ಲರಿಗೂ ಹೇಳೋ ಸುಳ್ಳು."

"ಮತ್ತೆ ಆ ದನಿ?"

ಅವಳು ಕಣ್ಣು ಮುಚ್ಚಿ, ಗಂಟಲನ್ನು ಎದೆಗಿಳಿಸಿದಳು. ಬೆಳಿಗ್ಗೆ ಬಾರದ ದನಿ ಈಗ ಬಂತು. ದಪ್ಪಗೆ, ನಡುಗುತ್ತ:

"ನೋಡಿದೆ. ಖಾಲಿ."

ಹೊರಗಿಂದ ಅಕ್ಕ ಕೂಗಿದಳು: "ಲೋ, ಯಾವುದೋ ಗಂಡಸಿನ ದನಿ ಕೇಳ್ತು! ಯಾರೋ ಅದು?"

ಅವಳಿಗೆ ನಗು ಬಂತು. ನಗುತ್ತಿದ್ದಂತೆಯೇ ಕಣ್ಣು ತುಂಬಿ ಹರಿಯಿತು. ಅವನು ನಗಲಿಲ್ಲ.

"ಇಷ್ಟು ದಿನ... ನೀವೇ ಕೇಳಿ, ನೀವೇ ಹೇಳ್ಕೊಳ್ತಿದ್ರಾ?"

"ಹ್ಞೂಂ. ಇವತ್ತು ಬೆಳಿಗ್ಗೆ ಆಗ್ಲಿಲ್ಲ. ಈ ಸ್ಟೂಲು ಪಕ್ಕದಲ್ಲಿತ್ತು. ಅದರ ಮುಂದೆ ಸುಳ್ಳು ಬಾಯಿಗೆ ಬರ್ಲಿಲ್ಲ."

ಅವನು ಬಗ್ಗಿ ಸ್ಟೂಲನ್ನು ಎತ್ತಿಕೊಂಡ.

"ನಡೀರಿ," ಎಂದ. "ಇದು ಇಲ್ಲಿಯದಲ್ಲ."

* * *

ಸ್ಟೂಲು ಮತ್ತೆ ಎಡಗಡೆಗೆ ಬಂತು. ಈ ಸಲ ಅದರ ಮೇಲೆ ಅವನು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಅವಳು ರೈಫಲಿನ ಬಾಯಿ ತೆರೆದು ಹಿಡಿದಳು. 

"ನೋಡಿದ್ರಾ?"

ಅವನು ಅವಸರ ಮಾಡಲಿಲ್ಲ. ಬಗ್ಗಿ, ಬೆಳಕಿಗೆ ತಿರುಗಿಸಿ, ಕಿರುಬೆರಳು ಹಾಕಿ, ಪೂರ್ತಿ ನೋಡಿದ.

"ನೋಡಿದೆ. ಖಾಲಿ."

ಅದು ಅಪ್ಪನ ದನಿಯಲ್ಲ. ಅವಳದೂ ಅಲ್ಲ. ಆ ಕೋಣೆಯಲ್ಲಿ ಬೇರೊಬ್ಬರ ಉತ್ತರ ಕೇಳಿಸಿತು... ಅವಳು ತಲೆತಗ್ಗಿಸಿ ಸುಮ್ಮನೆ ಸ್ಕ್ರೂಡ್ರೈವರ್ ಹುಡುಕಿದಳು. ಅದು ಕಣ್ಣೆದುರೇ ಇತ್ತು.

ಅಷ್ಟರಲ್ಲಿ ಮುಂಬಾಗಿಲು ಬಡಿದ ಸದ್ದು. ಹೋಗಿ ತೆರೆದರೆ ಗ್ಯಾಸ್ ಸಿಲಿಂಡರಿನವನು, ಹೊಸಬ.

"ಅಮ್ಮಾ, ಒಳಗೆ ಇಟ್ಟುಕೊಡ್ಲಾ? ಮನೇಲಿ ಯಾರಿದ್ದಾರೆ?"

"ಮನೆಯವರು ಒಳಗಿದ್ದಾರೆ," ಎಂದುಬಿಟ್ಟಿತು ನಾಲಿಗೆ.

ಅಂದವಳು ಹಾಗೇ ಕಲ್ಲಾದಳು. ಮುಖಕ್ಕೆ ರಕ್ತ ನುಗ್ಗಿತು. ಅಯ್ಯೋ! ಕೇಳಿಸಿತೇ? ಕೇಳಿಸದೆ ಇರುತ್ತದೆಯೇ, ಇಷ್ಟು ಸಣ್ಣ ಮನೆಯಲ್ಲಿ!

ಒಳಗೆ ಸದ್ದಿಲ್ಲ. ಒಂದು ಉಸಿರು. ಎರಡು.

ಆಮೇಲೆ ಹಿಂದಿನ ಕೋಣೆಯಿಂದ, ತಡವರಿಸುತ್ತ, ಆದರೆ ಗಟ್ಟಿಯಾಗಿ: "ಇದ್ದೀನಿ!"

ಸಿಲಿಂಡರ್ ಇಟ್ಟು ಅವನು ಹೋದ ಮೇಲೂ ಅವಳು ಬಾಗಿಲಲ್ಲೇ ನಿಂತಿದ್ದಳು. ಅಪ್ಪನ ಬೂಟುಗಳನ್ನು ಎತ್ತಿ, ಧೂಳು ಒರೆಸಿ, ಒಳಗಿನ ಕಪಾಟಿನಲ್ಲಿಟ್ಟು ಹಿಂದಿನ ಕೋಣೆಗೆ ಬಂದಳು.

"ಅದು... ಅಭ್ಯಾಸಬಲ. ಬಾಯಿ ತಪ್ಪಿ ಬಂತು."

"ವಾಪಸ್ ತಗೊಳ್ತೀರಾ?" ಅವನು ತಿರುಗಿ ನೋಡದೆ ಕೇಳಿದ. ಕಿವಿ ಕೆಂಪಾಗಿತ್ತು.

ಅವಳು ಪಕ್ಕದಲ್ಲಿ ಕೂತಳು. ನಳಿಗೆಯನ್ನು ಕಿಟಕಿಯ ಕಡೆಗೆ ಹಿಡಿದು ಒಂದು ಕಣ್ಣು ಮುಚ್ಚಿದಳು.

"ಇಲ್ಲ," ಎಂದಳು. ಆಮೇಲೆ, "ಬೆಳಕಿಗೆ ಅಡ್ಡ ಬರ್ತಿದ್ದೀರಿ."

ಅವನು ಗಾಬರಿಯಿಂದ ಎದ್ದು ನಿಂತ.

ಅವಳು ಅವನ ತೋಳು ಹಿಡಿದು ಕೂರಿಸಿದಳು. "ಸ್ವಲ್ಪ ಈ ಕಡೆ ಸರೀರಿ ಅಂದೆ. ಏಳಿ ಅಂದ್ನಾ?"