ಗೈರೋ ಪೆಟ್ಟಿಗೆಯಲ್ಲಿ ತೂಕದ ಕಲ್ಲು

೧೯೮೬ರ ಅಕ್ಟೋಬರ್ ೧೪, ಮಂಗಳವಾರ. ಬೆಳಿಗ್ಗೆ ಹನ್ನೊಂದಕ್ಕೆ ಮಲ್ಲೇಶ್ವರಂ ಠಾಣೆಗೆ ಬಂದ ನರಸಿಂಹಯ್ಯನವರು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಕಳ್ಳತನ ಆಗಿದೆ."

"ಏನು ಹೋಗಿದೆ?" ಇನ್‌ಸ್ಪೆಕ್ಟರ್ ಏಕಾಂತಯ್ಯ ಕೇಳಿದ.

"ಅದನ್ನ ಹೇಳೋ ಹಾಗಿಲ್ಲ."

ಕಾನ್‌ಸ್ಟೇಬಲ್ ಲಕ್ಕಮ್ಮ ಪೆನ್ನು ಕೆಳಗಿಟ್ಟಳು. "ಹಂಗಾದ್ರೆ ಏನಂತ ಬರ್ಕೊಳ್ಲಿ ಸಾರ್? ಏನೋ ಒಂದು ಕಳೆದೋಯ್ತು ಅಂತಾನಾ?"

ನರಸಿಂಹಯ್ಯ ಬಾಗಿಲು ಹಾಕಿಸಿದರು. ನಿಂತೇ ಮಾತಾಡಿದರು. ಹಳೆಯ ಬಂಗಲೆಯೊಂದರಲ್ಲಿ ಬೋರ್ಡಿಲ್ಲದೆ ನಡೆಯುತ್ತಿದ್ದ ಸರ್ಕಾರಿ ಪ್ರಯೋಗಾಲಯಕ್ಕೆ ಅವರು ಮುಖ್ಯಸ್ಥರು. ಅಲ್ಲಿ ವಾಯುಪಡೆಗಾಗಿ ರೆಕ್ಕೆಯಿರುವ ಬಾಂಬೊಂದು ತಯಾರಾಗುತ್ತಿತ್ತು. ವಿಮಾನ ಗುರಿಯ ಹತ್ತಿರ ಹೋಗಬೇಕಿಲ್ಲ. ದೂರದಲ್ಲೇ ಬಿಟ್ಟರೆ ಅದು ತೇಲಿಹೋಗಿ ಹೇಳಿದ ಜಾಗಕ್ಕೆ ಬೀಳಬೇಕು. ಹೊರದೇಶದವರು ಕೊಡುವುದಿಲ್ಲ ಎಂದದ್ದನ್ನು ಇಲ್ಲೇ ಮಾಡಿದ್ದರು. ಶುಕ್ರವಾರ ಮೊದಲ ಸಲ ವಿಮಾನದಿಂದ ಬಿಡುವ ಪರೀಕ್ಷೆ. ಕಳುವಾದದ್ದು ಅದರ ಗೈರೋ, ಬಾಂಬು ಎತ್ತ ವಾಲಿದೆ ಎಂದು ರೆಕ್ಕೆಗಳಿಗೆ ತಿಳಿಸುವ ತೆಂಗಿನಕಾಯಿ ಗಾತ್ರದ ಉಪಕರಣ. ಇದ್ದದ್ದು ಒಂದೇ.

"ಶುಕ್ರವಾರ ತಪ್ಪಿದ್ರೆ ಡೆಲ್ಲಿಯವರು ಯೋಜನೇನೇ ಮುಚ್ಚಿಬಿಡ್ತಾರೆ. ಅದು ಸಿಗ್ಲೇಬೇಕು."

ಎಫ್.ಐ.ಆರ್.ನಲ್ಲಿ 'ಹಿತ್ತಾಳೆಯ ಉಪಕರಣ ಒಂದು' ಎಂದು ಬರೆದು, ಮೂವರೂ ಜೀಪು ಹತ್ತಿದರು.

ಪ್ರಯೋಗಾಲಯದ ಬೀಗ ಒಡೆದಿರಲಿಲ್ಲ. ಗೈರೋ ಇಡುತ್ತಿದ್ದ ತಗಡಿನ ಪೆಟ್ಟಿಗೆ ಕಪಾಟಿನಲ್ಲೇ ಇತ್ತು. ರಜೆಗೆ ಮುಂಚೆ ಆಯುಧಪೂಜೆ ಮಾಡಿ ನರಸಿಂಹಯ್ಯನವರೇ ಇಟ್ಟ ಕುಂಕುಮ ಅದರ ಮುಚ್ಚಳದ ಮೇಲಿತ್ತು.

"ಎತ್ತಿದಾಗ ಭಾರ ಸರಿಯಾಗೇ ಇತ್ತು. ತೆಗೆದಾಗಲೇ ಗೊತ್ತಾಗಿದ್ದು."

ಏಕಾಂತಯ್ಯ ಮುಚ್ಚಳ ತೆಗೆದ. ಟವಲಿನಲ್ಲಿ ಸುತ್ತಿದ ಕಬ್ಬಿಣದ ತೂಕದ ಕಲ್ಲು. ಅದರ ನೆತ್ತಿಯ ಮೇಲೆ ಮೂರು ಬೆರಳಲ್ಲಿ ಎಳೆದ ವಿಭೂತಿಯ ಗೆರೆ ಇನ್ನೂ ಹಸನಾಗಿತ್ತು. ಅವನು ಕಲ್ಲನ್ನು ಮುಟ್ಟದೆ ಸ್ವಲ್ಪ ಹೊತ್ತು ನೋಡಿದ. ಅವನ ಮನೆಯ ತಕ್ಕಡಿಗೂ ಅವನ ತಾಯಿ ಹೀಗೇ ಎಳೆಯುತ್ತಿದ್ದಳು.

"ಈ ವಿಭೂತಿ ನೀವು ಇಟ್ಟಿದ್ದಾ?"

"ಇಲ್ಲ. ನಾನು ಇಟ್ಟಿದ್ದು ಕುಂಕುಮ, ಅದೂ ಮುಚ್ಚಳಕ್ಕೆ ಮಾತ್ರ."

"ಇದು ಅಂಗಡೀಲಿ ಪೂಜೆ ಆಗಿರೋ ಕಲ್ಲು. ಈ ಕಪಾಟಿನ ಕೀಲಿ ಇರೋರಲ್ಲಿ ಅಂಗಡಿ ಮನೆತನ ಯಾರದು?"

ನರಸಿಂಹಯ್ಯ ಕೊನೆಗೂ ಕೂತರು. "ಕೀಲಿ ಇರೋದು ಇಬ್ಬರ ಹತ್ರ. ಒಂದು ನನ್ನ ಹತ್ರ, ಇನ್ನೊಂದು ಮಹಾನಂದ ಹತ್ರ. ಗೈರೋ ಮಾಡಿದ್ದೇ ಅವಳು. ಅವಳಪ್ಪನದು ಕಾಟನ್‌ಪೇಟೇಲಿ ಬೆಲ್ಲದ ಮಂಡಿ." ತಡೆದು ಸೇರಿಸಿದರು: "ಇವತ್ತು ಬೆಳಿಗ್ಗೆ ಬಂದು, ತಲೆನೋವು ಅಂತ ವಾಪಸ್ ಹೋದ್ಲು."

ಕಾಟನ್‌ಪೇಟೆಯಲ್ಲಿ ಗಾಡಿಗಳ ನಡುವೆ ಜೀಪು ಸಿಕ್ಕಿಕೊಂಡಿತು. ಏಕಾಂತಯ್ಯ ಮತ್ತು ಲಕ್ಕಮ್ಮ ಇಳಿದು ನಡೆದೇ ಹೋದರು. ಮಂಡಿಯ ಗದ್ದಿಗೆಯ ಮೇಲಿದ್ದ ಮಹಾನಂದಳ ತಂದೆ ಮಲ್ಲಿಕಾರ್ಜುನಯ್ಯನವರು ಲಕ್ಕಮ್ಮನ ಕೈಯಲ್ಲಿದ್ದ ಕಲ್ಲು ಕಂಡದ್ದೇ ಎದ್ದರು.

"ಅಯ್ಯೋ ಶಿವನೇ, ಎಲ್ಲಿ ಸಿಕ್ತು? ಬೆಳಿಗ್ಗೆಯಿಂದ ಹುಡುಕ್ತಿದೀನಿ! ಪಾಪ, ಹಮಾಲಿಗಳನ್ನೆಲ್ಲ ಬಾಯಿಗೆ ಬಂದ ಹಾಗೆ ಬೈದ್ಬಿಟ್ಟೆ. ಪೊಲೀಸ್ನೋರು ಕಲ್ಲೂ ಹುಡುಕಿ ಕೊಡ್ತೀರಾ? ಕೂತ್ಕೊಳ್ಳಿ, ಕಾಫಿ ತರಿಸ್ತೀನಿ."

"ನಿಮ್ಮದೇನಾ?"

"ನಮ್ಮದೇ ಸ್ವಾಮಿ. ಕೆಳಗಡೆ ಗುರುತಿದೆ ನೋಡಿ."

ಗುರುತಿತ್ತು. ಲಕ್ಕಮ್ಮ ಅದನ್ನು ಬರೆದುಕೊಂಡಳು. ಮುದುಕನ ನಗು ನಿಧಾನವಾಗಿ ನಿಂತಿತು. "ಯಾಕೆ? ಏನಾಯ್ತು?" ಎಂದರು. ಏಕಾಂತಯ್ಯ ಕಾಫಿ ಬೇಡವೆಂದ.

ಚಾಮರಾಜಪೇಟೆಯ ಮನೆಯಲ್ಲಿ ಬಾಗಿಲು ತೆರೆದ ಮಹಾನಂದಳ ಕಣ್ಣು ಕೆಂಪಗಿತ್ತು. ನಿದ್ದೆಯಿಲ್ಲದ ಕಣ್ಣು. ಕೇಳುವ ಮೊದಲೇ ಬೀರುವಿನಿಂದ ಸ್ವೆಟರಿನಲ್ಲಿ ಸುತ್ತಿದ ಗೈರೋ ತಂದಳು.

"ನಿಧಾನ. ತಗಲಿಸ್ಬೇಡಿ."

ಅಕ್ಕಪಕ್ಕದ ಇಬ್ಬರನ್ನು ಪಂಚರೆಂದು ಕರೆಸಿ ಲಕ್ಕಮ್ಮ ಪಂಚನಾಮೆ ಬರೆಯತೊಡಗಿದಳು.

"ಯಾರಿಗೆ ಕೊಡೋಕೆ ತಗೊಂಡ್ರಿ?" ಏಕಾಂತಯ್ಯ ಕೇಳಿದ.

"ಯಾರಿಗೂ ಅಲ್ಲ."

"ಮತ್ತೆ?"

"ಅದು ತಣ್ಣಗಾದ್ರೆ ಸುಳ್ಳು ಹೇಳುತ್ತೆ. ಲ್ಯಾಬಲ್ಲಿ ಐಸ್‌ನಲ್ಲಿಟ್ಟು ನೋಡ್ದಾಗ ಒಂದ್ಸಲ ಹಾಗೇ ಆಯ್ತು. ಮೇಲೆ ಚಳಿ ಜಾಸ್ತಿ. ಬಿಟ್ಟ ಬಾಂಬು ಕೆಳಗೆ ಹೋಗೋ ಬದಲು ಎದ್ದು ವಿಮಾನದ ಹೊಟ್ಟೆಗೇ ಹೊಡೀಬಹುದು. ಒಳಗೆ ಪೈಲಟ್ ಇರ್ತಾನೆ. ಮೀಟಿಂಗಲ್ಲಿ ಹೇಳ್ದೆ, ಆಮೇಲೂ ಹೇಳ್ದೆ. ಒಂದೇ ಒಂದ್ಸಲ ಹಾಗಾಯ್ತಲ್ಲಮ್ಮ, ಡೇಟ್ ಫಿಕ್ಸ್ ಆಗಿದೆ ಅಂದ್ರು ನರಸಿಂಹಯ್ಯನೋರು."

"ಒಡೆದು ಹಾಕಿದ್ರೆ ಮುಗೀತಿತ್ತಲ್ಲ?"

"ನಾನೇ ಮಾಡಿದ್ದು." ಅವಳು ಅದರ ಕಡೆ ನೋಡಲಿಲ್ಲ. "ಒಂದು ತಿಂಗಳು ಕೊಟ್ರೆ ಸರಿ ಮಾಡ್ತೀನಿ."

"ಕಲ್ಲಿನ ಮೇಲೆ ವಿಭೂತಿ ಇತ್ತು. ಒರೆಸಿದ್ರೆ ಇಷ್ಟು ಬೇಗ ನಿಮ್ಮ ಮನೆಗೆ ಬರ್ತಿರ್ಲಿಲ್ಲ."

"ಬಟ್ಟೆ ತಗೊಂಡೆ." ಅವಳು ಸೆರಗಿನ ತುದಿ ಹಿಡಿದುಕೊಂಡಳು. "ಅಪ್ಪ ಪೂಜೆ ಮಾಡಿದ್ದು. ಕೈ ಬರ್ಲಿಲ್ಲ."

ಸಂಜೆ ಠಾಣೆಯಲ್ಲಿ ನರಸಿಂಹಯ್ಯ ಗೈರೋಗೆ ಕೈಚಾಚಿದರು. "ಕೊಡಿ. ರಾತ್ರಿಯೇ ಕಳಿಸ್ಬೇಕು."

ಏಕಾಂತಯ್ಯ ಅರಗು ಕರಗಿಸುತ್ತಿದ್ದ. ಅವಳ ಲೆಕ್ಕ ಸರಿಯೋ ತಪ್ಪೋ ಅವನಿಗೆ ತಿಳಿಯುವಂತಿರಲಿಲ್ಲ. ಸ್ವಂತ ಜವಾಬ್ದಾರಿಯಲ್ಲಿ ಮಾಲು ಬಿಟ್ಟುಕೊಟ್ಟು ಆಮೇಲೆ ಕಾಗದ ಸರಿಮಾಡಿದ್ದು ಅವನ ಸರ್ವಿಸಿನಲ್ಲಿ ಎಷ್ಟೋ ಸಲ ಇತ್ತು.

"ಈಗ ಇದು ಮುದ್ದೆಮಾಲು ಸಾರ್, ಕೇಸಿನ ಸಾಕ್ಷಿ. ಕೋರ್ಟು ಹೇಳದೆ ಕೊಡೋ ಹಾಗಿಲ್ಲ. ಕೋರ್ಟಿಗೆ ದಸರಾ ರಜೆ."

"ದೇಶದ ಕೆಲಸ ರೀ ಇದು! ಮೇಲಿನವರಿಗೆ ಫೋನ್ ಮಾಡ್ತೀನಿ."

"ಮಾಡಿ. ನನಗೆ ಬರವಣಿಗೇಲಿ ಆರ್ಡರ್ ಬೇಕು. ಪೈಲಟ್ ವಿಷಯ ಅವಳ ಹೇಳಿಕೇಲಿದೆ, ಆರ್ಡರ್ ಕೊಡೋರು ಅದನ್ನೂ ಓದಿ ಸಹಿ ಹಾಕ್ಲಿ."

ನರಸಿಂಹಯ್ಯ ಫೋನಿನ ಮೇಲೆ ಕೈಯಿಟ್ಟರು, ಎತ್ತಲಿಲ್ಲ. ಏಕಾಂತಯ್ಯ ಗೈರೋ ಕಟ್ಟಿದ ಬಟ್ಟೆಯ ಗಂಟಿಗೆ ಅರಗು ಸುರಿದು ಮೊಹರು ಒತ್ತಿದ.

ಕಳವು ಮತ್ತು ನಂಬಿಕೆದ್ರೋಹದ ಆರೋಪದಲ್ಲಿ ಮಹಾನಂದಳನ್ನು ಬಂಧಿಸಲಾಯಿತು. ಇನ್ನು ಆ ಕೆಲಸಕ್ಕೆ ಅವಳು ಮರಳುವಂತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಹೆಸರೂ ಗೊತ್ತಿಲ್ಲದ ಒಬ್ಬ ಪೈಲಟ್‌ಗಾಗಿ ಅವಳು ಅಪ್ಪನ ಅಂಗಡಿಯ ಕಲ್ಲು ಎತ್ತಿದ್ದಳು.

ಮ್ಯಾಜಿಸ್ಟ್ರೇಟರ ಮನೆಗೆ ಹೊರಟ ಜೀಪಿನಲ್ಲಿ ಅವಳು ಕೇಳಿದ್ದು ಒಂದೇ ಮಾತು.

"ಶುಕ್ರವಾರ?"

"ಶುಕ್ರವಾರ ಆಗಲ್ಲಮ್ಮ," ಎಂದ ಏಕಾಂತಯ್ಯ.

ಮುಂದಿನ ತಿರುವಿಗೆ ಲಕ್ಕಮ್ಮ ಬೆರಳು ತುಟಿಗಿಟ್ಟು ಡ್ರೈವರನಿಗೆ ನಿಧಾನ ಎಂದು ಸನ್ನೆ ಮಾಡಿದಳು. ಮಹಾನಂದ ಅವಳ ಭುಜಕ್ಕೆ ತಲೆಯಿಟ್ಟು ನಿದ್ದೆಹೋಗಿದ್ದಳು.