ಹಳದಿ ಬಿರಡೆ

"ಅಲ್ಲಾಡಿಸಬೇಡ! ಅಲ್ಲಾಡಿಸಬೇಡ ಅಂದ್ರೆ!"

ಅಮ್ಮನ ದನಿ ಪಿಕಪ್ ಗಾಡಿಯ ಅಡಿಯಿಂದ ಬಂತು. ಹೊರಗೆ ಕಾಣುತ್ತಿದ್ದದ್ದು ಅಮ್ಮನ ಎರಡು ಕಾಲು ಮಾತ್ರ.

"ನಾನಲ್ಲಮ್ಮ, ಟಬ್ಬೇ ಅಲ್ಲಾಡ್ತಿದೆ!" ಎಂದಳು ಗಿಣಿ. ಅವಳು ಗಾಡಿಯ ಮುಂದೆ ಮಂಡಿಯೂರಿ, ದೊಡ್ಡ ಪ್ಲಾಸ್ಟಿಕ್ ಟಬ್ಬನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ರೇಡಿಯೇಟರಿನ ಬುಡದ ತಿರುಪು ಸಡಿಲವಾಗಿದ್ದೇ ತಡ, ತುಕ್ಕು ಬಣ್ಣದ ನೀರು ಬುಳಬುಳನೆ ಸುರಿಯತೊಡಗಿತು.

"ಛೀ! ಕೆಟ್ಟ ಟೀ ಇದ್ದ ಹಾಗಿದೆ!"

"ಬಾಯಿಗೆ ಹಾಕ್ಕೊಂಡುಬಿಟ್ಟೀಯ ಮತ್ತೆ! ಇಂಜಿನ್ ತಣ್ಣಗಿಡೋ ಕೂಲೆಂಟ್ ಅದು, ವಿಷ. ಬೆಕ್ಕು ಬಂದ್ರೂ ಓಡ್ಸು."

"ಬೆಕ್ಕು ಮಲಗಿದೆ. ಅಜ್ಜೀನೂ ಮಲಗಿದ್ದಾಳೆ. ಅಪ್ಪ ಹೊಲೀತಿದ್ದಾನೆ. ಎದುರುಮನೆಯವರ ಬಾಗಿಲು ಇನ್ನೂ ತೆಗ್ದಿಲ್ಲ. ಅಮ್ಮಾ, ನಿನ್ನ ಎಡಗಾಲಿನ ಚಪ್ಪಲಿ ಕಿತ್ತುಹೋಗಿದೆ..."

ಈಗ ಗೊತ್ತಾಯಿತಲ್ಲ, ಅವಳಿಗೆ ಗಿಣಿ ಅಂತ ಯಾಕೆ ಕರೆಯುತ್ತಾರೆಂದು? ಹತ್ತು ವರ್ಷದ ಆ ಹುಡುಗಿ ಬೆಳಗ್ಗೆ ಕಣ್ಣು ಬಿಡುವ ಮೊದಲೇ ಬಾಯಿ ಬಿಡುತ್ತಿದ್ದಳು.

ಪಿಕಪ್ ಗಾಡಿ ಅಮ್ಮನದು. ನರ್ಸರಿಯಿಂದ ಸಸಿಗಳನ್ನು ತುಂಬಿಕೊಂಡು ಊರೂರಿಗೆ ಮುಟ್ಟಿಸುವುದು ಅಮ್ಮನ ಕೆಲಸ. ಮೊನ್ನೆ ಏರುದಾರಿಯಲ್ಲಿ ಗಾಡಿ ಬುಸ್ಸೆಂದು ಹೊಗೆಯುಗುಳಿ ನಿಂತುಬಿಟ್ಟಿತ್ತು. ಮೆಕ್ಯಾನಿಕ್ ಮಾಮ ಬಂದು ನೋಡಿ, "ರೇಡಿಯೇಟರ್ ಕತೆ ಮುಗೀತಕ್ಕ. ಹೊಸದು ಹಾಕ್ಬೇಕು. ಆದ್ರೆ ನನಗೆ ಬುಧವಾರದವರೆಗೂ ಉಸಿರಾಡೋಕೂ ಪುರಸೊತ್ತಿಲ್ಲ" ಎಂದು ಕೈಯೆತ್ತಿದ್ದ.

ಬುಧವಾರ! ಸೋಮವಾರ ಬೆಳಗ್ಗೆಯೇ ಮುನ್ನೂರು ಸಸಿ ಬೆಟ್ಟದ ಮೇಲಿನ ಊರಿಗೆ ಹೋಗಬೇಕಿತ್ತು. ಅಲ್ಲಿ ಗುಂಡಿ ತೋಡಿಸಿಕೊಂಡು ಕಾಯುತ್ತಿದ್ದರು.

"ನಾನೇ ಹಾಕ್ತೀನಿ" ಅಂದಳು ಅಮ್ಮ.

"ನೀನಾ?" ಅಂದ ಅಪ್ಪ. ಬಾಯಲ್ಲಿದ್ದ ಗುಂಡುಪಿನ್ನು ಕೆಳಗೆ ಬಿತ್ತು.

"ಯಾಕ್ರೀ, ಹನ್ನೆರಡು ವರ್ಷದಿಂದ ಓಡಿಸ್ತಿದ್ದೀನಿ. ಮಾಮ ಬಿಚ್ಚೋದನ್ನ ನೂರು ಸಲ ನೋಡಿದ್ದೀನಿ. ನಾಲ್ಕು ಬೋಲ್ಟು, ಎರಡು ಪೈಪು. ಅದೇನು ಬ್ರಹ್ಮವಿದ್ಯೆನಾ?"

ಹೀಗೆ ಈ ಭಾನುವಾರ ಮನೆ ಮುಂದಿನ ಅಂಗಳವೇ ಗ್ಯಾರೇಜ್ ಆಗಿತ್ತು. ಗಿಣಿಗೆ ಒಂದು ಮಾತು ಕೊಟ್ಟಾಗಿತ್ತು. ಕೆಲಸ ಮುಗಿದ ಮೇಲೆ ಕೀ ತಿರುಗಿಸಿ ಗಾಡಿ ಸ್ಟಾರ್ಟ್ ಮಾಡುವುದು ಅವಳೇ. ಗಾಡಿ ನ್ಯೂಟ್ರಲ್‌ನಲ್ಲಿರಬೇಕು, ಹ್ಯಾಂಡ್ ಬ್ರೇಕ್ ಹಾಕಿರಬೇಕು, ಅಮ್ಮ ಪಕ್ಕದಲ್ಲೇ ನಿಂತಿರಬೇಕು. ಇರಲಿ, ತಿರುಗಿಸುವ ಕೈ ಮಾತ್ರ ಗಿಣಿಯದು! ಶನಿವಾರವೇ ಕ್ಲಾಸಿನಲ್ಲಿ ಎಲ್ಲರಿಗೂ ಸಾರಿಬಿಟ್ಟಿದ್ದಳು.

ಅಮ್ಮ ಮೇಲಿನ ಪೈಪು ಬಿಚ್ಚಿದಳು. ಕೆಳಗಿನ ಪೈಪು ಸುಲಭಕ್ಕೆ ಜಗ್ಗಲಿಲ್ಲ. ಎಳೆದಳು, ತಿರುಚಿದಳು, "ಏನು ಮೊಂಡು ನಿಂದು!" ಎಂದು ಬೈದಳು. ಪಟಕ್ಕನೆ ಕಿತ್ತು ಬಂದು ಅಮ್ಮನ ಮೊಣಕೈ ತರಚಿತು. ಗಿಣಿ ಒಂದೊಂದೇ ಬೋಲ್ಟನ್ನು ಇಸಿದುಕೊಂಡು ಮೊಟ್ಟೆಯ ಟ್ರೇಯ ಗುಳಿಗಳಲ್ಲಿ ಸಾಲಾಗಿ ಇಟ್ಟಳು. ಕೊನೆಗೆ ಹಳೇ ರೇಡಿಯೇಟರ್ ಹೊರಗೆ ಬಂತು. ಅದರ ಜಾಲರಿಯ ತುಂಬ ಸತ್ತ ಹುಳ, ಒಣಗಿದ ಎಲೆ.

"ಊಟ!" ಎಂದು ಅಪ್ಪ ಒಳಗಿನಿಂದ ಕೂಗಿದ.

ಅಮ್ಮ ಕೈ ತೊಳೆಯಲು ಹೋದಳು. ಗಿಣಿ ಒಂದು ಕ್ಷಣ ಅಲ್ಲೇ ನಿಂತಳು. ಗಾಡಿಯೊಳಗೆ ಎರಡು ಕಪ್ಪು ಪೈಪುಗಳು ಆ ಎಂದು ಬಾಯಿ ತೆರೆದುಕೊಂಡಿದ್ದವು, ಒಂದು ಮೇಲೆ, ಇನ್ನೊಂದು ಕೆಳಗೆ ಕತ್ತಲಲ್ಲಿ.

ತೆರೆದ ಬಾಯಿ! ಈ ಮನೆಯಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿರಲಿಲ್ಲ. ಅದು ಅಜ್ಜಿಯ ಕಾನೂನು. ಹೂಜಿಯಿರಲಿ, ಸೀಸೆಯಿರಲಿ, ಎಣ್ಣೆ ಡಬ್ಬಿಯಿರಲಿ, ಬಾಯಿ ತೆರೆದು ಇಡುವ ಹಾಗಿಲ್ಲ. "ಇರುವೆ ಹೋಗುತ್ತೆ, ಹಲ್ಲಿ ಬೀಳುತ್ತೆ" ಎನ್ನುತ್ತ ಅಜ್ಜಿ ಅಪ್ಪನ ಹೊಲಿಗೆ ಮೆಷಿನ್ನಿನ ಪಕ್ಕದ ಬುಟ್ಟಿಯಿಂದ ತುಂಡುಬಟ್ಟೆ ತೆಗೆದು, ಉಂಡೆ ಮಾಡಿ, ಬಿರಡೆಯಂತೆ ತುರುಕಿಬಿಡುತ್ತಿದ್ದಳು. ಅಡುಗೆಮನೆಯ ಶೆಲ್ಫಿನ ಮೇಲೆ ಬಣ್ಣಬಣ್ಣದ ಟೋಪಿ ಹಾಕಿಕೊಂಡು ಸೀಸೆಗಳು ಸಾಲಾಗಿ ನಿಂತಿರುತ್ತಿದ್ದವು. ಒಮ್ಮೆ ಅಪ್ಪ ಟೀ ಲೋಟ ಬಿಟ್ಟು ಆಚೆ ಹೋಗಿ ಬರುವಷ್ಟರಲ್ಲಿ ಅದಕ್ಕೂ ಒಂದು ನೀಲಿ ಟೋಪಿ ಬಿದ್ದಿತ್ತು.

ಗಿಣಿ ಓಡಿಹೋಗಿ ಬುಟ್ಟಿಯಿಂದ ಎರಡು ತುಂಡು ತಂದಳು. ಕೆಂಪು ಬಟ್ಟೆ ಮೇಲಿನ ಪೈಪಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಹಳದಿ ತುಂಡು ಚಿಕ್ಕದು. ಕೆಳಗಿನ ಪೈಪಿಗೆ ಬೆರಳಿಂದ ಒತ್ತಿದಳು. ಇನ್ನೊಂದಿಷ್ಟು ಒತ್ತಿದಳು. ಅದು ಸರ್ರನೆ ಒಳಗೆ ಜಾರಿತು.

ಅಮ್ಮನಿಗೆ ಹೇಳಬೇಕು ಎಂದುಕೊಂಡೇ ಊಟಕ್ಕೆ ಕೂತಳು. ಆದರೆ ಹೇಳಲು ಅವಳ ಹತ್ತಿರ ಇನ್ನೂ ಹದಿನೆಂಟು ಸುದ್ದಿಗಳಿದ್ದವು. ಹಳದಿ ಬಟ್ಟೆಯ ಸುದ್ದಿ ಎಲ್ಲೋ ಹಿಂದೆ ಉಳಿಯಿತು.

ಊಟವಾದ ಮೇಲೆ ಅಮ್ಮ ಅವಳನ್ನು ಮೂಲೆ ಅಂಗಡಿಗೆ ಕಳಿಸಿದಳು. ಕೂಲೆಂಟಿಗೆ ಬೆರೆಸಲು ಬ್ಯಾಟರಿ ನೀರಿನ ಕ್ಯಾನ್ ಬೇಕಿತ್ತು. ಅಂಗಡಿಯವರು ಒಬ್ಬರೇ, ಗಿರಾಕಿಗಳು ಆರು ಜನ. ಕ್ಯಾನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ ಗಿಣಿ ಮನೆ ಮುಟ್ಟುವಷ್ಟರಲ್ಲಿ ಹೊಸ ರೇಡಿಯೇಟರ್ ಗಾಡಿಯಲ್ಲಿ ಪಳಪಳ ಹೊಳೆಯುತ್ತಿತ್ತು.

"ನೋಡೇ! ಹೇಗಿದೆ ನಿಮ್ಮಮ್ಮನ ಕೈಕೆಲಸ?" ಅಮ್ಮನ ಕೆನ್ನೆಗೆ ಗ್ರೀಸ್ ಮೆತ್ತಿತ್ತು, ಮುಖ ಮಾತ್ರ ಹಬ್ಬದ ಹಾಗಿತ್ತು. ಸಿನಿಮಾ ಹಾಡೊಂದನ್ನು ತಪ್ಪುತಪ್ಪಾಗಿ ಗುನುಗುತ್ತ ಹಸಿರು ಕೂಲೆಂಟಿಗೆ ನೀರು ಬೆರೆಸಿ, ಆಲಿಕೆ ಇಟ್ಟು ರೇಡಿಯೇಟರಿಗೆ ಸುರಿದಳು. "ಅಂದ ಹಾಗೆ, ನಿಮ್ಮಜ್ಜಿ ನನ್ನ ಪೈಪನ್ನೂ ಬಿಟ್ಟಿಲ್ಲ ಕಣೇ! ಬಿರಡೆ ಹಾಕಿದ್ದಾರೆ ನೋಡು!" ಎಂದು ನಗುತ್ತ ನೆಲದ ಕಡೆ ತೋರಿಸಿದಳು.

ನೆಲದ ಮೇಲೆ ಕೆಂಪು ಬಟ್ಟೆ ಬಿದ್ದಿತ್ತು. ಕೆಂಪು ಮಾತ್ರ.

ಗಿಣಿ ಟೂಲ್ ಬಾಕ್ಸಿನ ಹಿಂದೆ ನೋಡಿದಳು. ಟೈರಿನ ಸಂದಿಯಲ್ಲಿ ನೋಡಿದಳು. ಟಬ್ಬಿನ ಕೆಳಗೂ ನೋಡಿದಳು. ಹಳದಿ ಎಲ್ಲೂ ಇರಲಿಲ್ಲ.

"ಅಮ್ಮಾ... ಕೆಳಗಿನ ಪೈಪು ಹಾಕೋದು ಕಷ್ಟ ಆಯ್ತಾ?"

"ಅಯ್ಯೋ, ಕೇಳ್ಬೇಡ. ಅದು ಕಣ್ಣಿಗೇ ಕಾಣಲ್ಲ. ಕೈ ತಡವಿ ತಡವಿ ತೂರಿಸಿದೆ. ನೋಡು, ಈ ಕೈಯೂ ತರಚ್ಕೊಂಡೆ. ಇನ್ನು ಜನ್ಮದಲ್ಲಿ ಅದನ್ನ ಮುಟ್ಟಲ್ಲಪ್ಪ!"

ಅಮ್ಮ ಉಳಿದ ಕೂಲೆಂಟನ್ನೂ ಸುರಿದು ಮುಗಿಸಿ, ಕೈ ಒರೆಸಿಕೊಂಡು, ಜೇಬಿನಿಂದ ಕೀ ತೆಗೆದು ಮಗಳ ಅಂಗೈಯಲ್ಲಿಟ್ಟಳು.

"ಹತ್ತಿ ಮೇಡಮ್, ಹತ್ತಿ. ಗಾಡಿ ನಿಮಗಾಗಿ ಕಾಯ್ತಿದೆ."

ಅಪ್ಪ ಮೆಷಿನ್ ನಿಲ್ಲಿಸಿ, ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಹೊರಗೆ ಬಂದ. ಅಜ್ಜಿಯೂ ಎದ್ದು ಬಂದು, ಗಾಡಿ ಎಲ್ಲಿ ಸಿಡಿದೀತೋ ಎಂಬಂತೆ ಬಾಗಿಲ ಮರೆಯಲ್ಲಿ ನಿಂತಳು. ಗಿಣಿ ಡ್ರೈವರ್ ಸೀಟು ಹತ್ತಿದಳು. ಸೀಟಿನಿಂದ ಅಂಗಳ, ಗೇಟು, ಬೀದಿ ಎಲ್ಲ ಕಾಣುತ್ತಿತ್ತು. ಕೀ ಸಲೀಸಾಗಿ ಒಳಗೆ ಹೋಯಿತು.

"ಒಂದೂ..." ಎಂದ ಅಪ್ಪ.

ಸುಮ್ಮನೆ ತಿರುಗಿಸಿಬಿಟ್ಟರೆ? ಚೂರು ಬಟ್ಟೆ ತಾನೇ, ಏನು ಮಹಾ ಆಗುತ್ತೆ? ಅಮ್ಮ ಅಷ್ಟು ಖುಷಿಯಾಗಿದ್ದಾಳೆ. ಬಟ್ಟೆ ಸಿಕ್ಕರೂ ಅಜ್ಜಿಯದೇ ಕೆಲಸ ಅಂದುಕೊಳ್ಳುತ್ತಾರೆ. ನಾಳೆ ಕ್ಲಾಸಿನಲ್ಲಿ...

"ಎರಡೂ..."

ನಾಳೆ ಅಮ್ಮ ಬೆಟ್ಟ ಹತ್ತುತ್ತಾಳೆ. ಒಬ್ಬಳೇ.

ಗಿಣಿ ಕೀಲಿಯಿಂದ ಕೈ ತೆಗೆದಳು.

"ಅಮ್ಮಾ, ಪೈಪಿನೊಳಗೆ ಬಟ್ಟೆ ಇದೆ."

"ಅದನ್ನ ಆಗ್ಲೇ ತೆಗೆದೆನಲ್ಲೇ."

"ಅದು ಕೆಂಪು. ಇನ್ನೊಂದಿದೆ, ಹಳದಿ. ಅಜ್ಜಿ ಅಲ್ಲ, ನಾನೇ ಹಾಕಿದ್ದು."

ಅಪ್ಪನ ಎಣಿಕೆ ಎರಡಕ್ಕೇ ನಿಂತಿತು.

"ಯಾವ ಪೈಪಲ್ಲಿ?"

"ಕೆಳಗಿನದ್ರಲ್ಲಿ."

"ಕೆಳಗಿನದ್ರಲ್ಲೇ ಆಗ್ಬೇಕಿತ್ತಾ!" ಅಮ್ಮ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತಳು. ತರಚಿದ ಎರಡು ಮೊಣಕೈಗಳನ್ನೂ ನೋಡಿಕೊಂಡಳು. ಅವಳಿಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಬೇಕು? ಆಮೇಲೆ ಎದ್ದು, ಕೀ ಕಿತ್ತು ತನ್ನ ಜೇಬಿಗೆ ಹಾಕಿಕೊಂಡಳು.

"ಹೋಗು, ಟಬ್ ತೊಳ್ಕೊಂಡು ಬಾ. ಒಂದು ಚೂರೂ ಮಣ್ಣಿರಬಾರದು. ಅದೇ ಕೂಲೆಂಟನ್ನ ಮತ್ತೆ ಗಾಡಿಗೆ ಹಾಕ್ಬೇಕು."

ನಲ್ಲಿಯ ಹತ್ತಿರ ಟಬ್ ಉಜ್ಜುವಾಗ ಗಿಣಿಗೆ ಅಳು ಉಕ್ಕಿ ಬಂತು. ಮೂಗು ಒರೆಸಿಕೊಂಡು ಮೂರು ಸಲ ತೊಳೆದಳು.

ಮತ್ತೆ ಕೂಲೆಂಟ್ ಇಳಿಸಿದ್ದಾಯಿತು. ಅಮ್ಮ ಮತ್ತೆ ಗಾಡಿಯಡಿ ತೂರಿದಳು. ಪೈಪು ಬಿಚ್ಚಿತು, ಬಟ್ಟೆ ಮಾತ್ರ ಒಳಗೇ ಕಚ್ಚಿಕೊಂಡಿತ್ತು. ಇಕ್ಕಳ ಎಟುಕಲಿಲ್ಲ.

"ಎಲ್ಲಾ ನನ್ನಿಂದಲೇ" ಎಂದು ಅಜ್ಜಿ ಬಾಗಿಲಲ್ಲೇ ಹಣೆ ಚಚ್ಚಿಕೊಂಡಳು. "ಮುಚ್ಚು, ಮುಚ್ಚು ಅಂತ ಆ ಮಗು ತಲೆ ಕೆಡಿಸಿಟ್ಟಿದ್ದೀನಿ."

"ಬಿಡಿ ಅತ್ತೆ. ನೀವು ಮುಚ್ಚಿದ್ದನ್ನ ತೆಗೆಯೋಕೆ ಆಗುತ್ತೆ. ನಿಮ್ಮ ಮೊಮ್ಮಗಳು ಹೂತೇ ಬಿಟ್ಟಿದ್ದಾಳೆ" ಎಂದಿತು ಗಾಡಿಯಡಿಯ ದನಿ. ಅದರಲ್ಲಿ ಸಿಟ್ಟು ಸ್ವಲ್ಪ ಇಳಿದಿತ್ತು.

ಅಪ್ಪ ಒಳಗೆ ಹೋಗಿ ಅಂಗಿ ತೂಗುಹಾಕುವ ತಂತಿಯ ಹ್ಯಾಂಗರ್ ತಂದ. ಅದನ್ನು ನೇರ ಮಾಡಿ, ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಕೊಟ್ಟ. ಅಮ್ಮ ಪೈಪಿನೊಳಗೆ ಕೆದಕಿದಳು. ಒಂದು ಸಲ ತಪ್ಪಿತು, ಎರಡು ಸಲ ತಪ್ಪಿತು. ಮೂರನೆಯ ಸಲಕ್ಕೆ ಹಸಿರು ನೀರು ತೊಟ್ಟಿಕ್ಕುತ್ತ ಹಳದಿ ಬಟ್ಟೆ ಈಚೆ ಬಂತು.

"ಅರೆ! ಇದು ಎದುರುಮನೆ ಪಾಪು ಫ್ರಾಕಿನ ತುಂಡು" ಎಂದ ಅಪ್ಪ. "ಎಲ್ಲಿ ಹೋಯ್ತು ಅಂತ ಹುಡುಕ್ತಾ ಇದ್ದೆ. ಜೇಬಿಗೆ ಅಂತ ಇಟ್ಟಿದ್ದೆ."

ಅಜ್ಜಿ ಮೊದಲು ನಕ್ಕಳು. ಆಮೇಲೆ ಅಮ್ಮನೂ ನಕ್ಕಳು. ಗಿಣಿ ನಗಬಹುದೋ ಬೇಡವೋ ಗೊತ್ತಾಗದೆ ಕೆಮ್ಮಿದಳು.

ಅಮ್ಮ ಬಟ್ಟೆಯನ್ನು ಹಿಂಡುತ್ತ ತನಗೆ ತಾನೇ ಎಂಬಂತೆ ಹೇಳಿದಳು. "ಇದು ಹೋಗಿ ಪಂಪಿಗೆ ಸಿಕ್ಕಿಹಾಕ್ಕೊಂಡಿದ್ರೆ ಬೆಟ್ಟದ ಅರ್ಧಕ್ಕೆ ಇಂಜಿನ್ನೇ ಸುಟ್ಟುಹೋಗ್ತಿತ್ತು."

ಸಂಜೆಯ ಬಿಸಿಲು ಗೇಟಿನ ಹತ್ತಿರ ಬರುವ ಹೊತ್ತಿಗೆ ಎಲ್ಲ ಮತ್ತೆ ಜೋಡಿಸಿ, ಕೂಲೆಂಟ್ ತುಂಬಿ ಮುಗಿದಿತ್ತು. ಕೀ ಅಮ್ಮನ ಹತ್ತಿರವೇ ಇತ್ತು. ಗಿಣಿ ಕೇಳಲಿಲ್ಲ. ಅಮ್ಮನೇ ಹತ್ತಿ ಕೂತು ತಿರುಗಿಸಿದಳು. ಗಾಡಿ ಒಮ್ಮೆ ಗೊರಗುಟ್ಟಿ, ಸದ್ದು ಹಿಡಿಯಿತು. ಬಿಸಿ ತೋರಿಸುವ ಮುಳ್ಳು ನಿಧಾನವಾಗಿ ಮೇಲೇರಿ, ನಡುವಿಗೆ ಬಂದು, ಅಲ್ಲೇ ನಿಂತಿತು. ಕಾಲು ಗಂಟೆ ಕಳೆದರೂ ಕದಲಲಿಲ್ಲ.

ಅಮ್ಮ ಇಂಜಿನ್ ಆಫ್ ಮಾಡಿ ಕೆಳಗಿಳಿದಳು. ಟಾರ್ಚನ್ನು ಗಿಣಿಯ ಕಡೆ ಚಾಚಿದಳು.

"ಎರಡೂ ಪೈಪು ಸೋರ್ತಿವೆಯಾ ನೋಡು. ಎಲ್ಲಾ ಬಿಸಿ ಇದೆ, ಯಾವ್ದನ್ನೂ ಮುಟ್ಬೇಡ."

ಗಿಣಿ ಮೊದಲು ಬಗ್ಗಿ ಮೇಲಿನ ಪೈಪು ನೋಡಿದಳು. ಆಮೇಲೆ ಗೋಣಿಚೀಲದ ಮೇಲೆ ಮಲಗಿ ತಲೆಯನ್ನು ಗಾಡಿಯಡಿಗೆ ತೂರಿಸಿ, ಕೆಳಗಿನ ಪೈಪಿಗೆ ಟಾರ್ಚ್ ಬಿಟ್ಟಳು. ಪೈಪನ್ನು ಬಿಗಿದ ಹೊಸ ಕ್ಲಾಂಪು ಹೊಳೆಯಿತು. ಸುತ್ತ ಒಣಗಿತ್ತು. ಹೊರಗೆ ಬಂದು ಬೆನ್ನು ಕೊಡವಿಕೊಂಡಳು.

"ಎಲ್ಲೂ ಸೋರ್ತಿಲ್ಲ."

"ಸರಿ." ಅಮ್ಮ ಬಾನೆಟ್ ಇಳಿಸಲು ಕೈ ಎತ್ತಿದಳು.

"ನೀನು ನೋಡಲ್ವಾಮ್ಮ?"

"ನೀನು ನೋಡಿದ್ಯಲ್ಲ."

ಅಮ್ಮ ಅದನ್ನು ಏನೂ ವಿಶೇಷವಿಲ್ಲದಂತೆ ಹೇಳಿದಳು. ಗಿಣಿ ಕೈಯಲ್ಲಿದ್ದ ಟಾರ್ಚನ್ನು ನೋಡಿದಳು. ನಾಳೆ ಬೆಳಗ್ಗೆ ತಾನು ಶಾಲೆಗೆ ಹೋಗುವ ಹೊತ್ತಿಗೆ ಅಮ್ಮ ಮುನ್ನೂರು ಸಸಿ ಹೇರಿಕೊಂಡು ಬೆಟ್ಟದ ತಿರುವುಗಳಲ್ಲಿ ಇರುತ್ತಾಳೆ. ಎಲ್ಲೂ ಸೋರ್ತಿಲ್ಲ ಅಂತ ಗಿಣಿ ಹೇಳಿದ್ದಾಳೆ, ಅಮ್ಮನಿಗೆ ಅಷ್ಟೇ ಸಾಕು.

"ಅಮ್ಮಾ, ಒಂದು ನಿಮಿಷ ತಾಳು."

ಗಿಣಿ ಮತ್ತೆ ಗೋಣಿಚೀಲದ ಮೇಲೆ ಮಲಗಿ ಒಳಗೆ ಜರುಗಿದಳು. ಈ ಸಲ ಟಾರ್ಚನ್ನು ಕ್ಲಾಂಪಿನ ಮೇಲೆ ಅಲ್ಲಾಡದಂತೆ ಹಿಡಿದು, ಮನಸ್ಸಿನಲ್ಲೇ ಒಂದರಿಂದ ಅರವತ್ತರವರೆಗೆ ಎಣಿಸಿದಳು. ಒಂದು ಹನಿಯೂ ಬೀಳಲಿಲ್ಲ. ಮತ್ತೆ ಒಂದರಿಂದ ಶುರು ಮಾಡಿದಳು. ಮೇಲೆ ಅಮ್ಮ ಬಾನೆಟ್ಟನ್ನು ಎತ್ತಿ ಹಿಡಿದುಕೊಂಡು ಕಾಯುತ್ತ ನಿಂತಿದ್ದಳು.